ಕಣ್ಣೊಳಗೆ ಮಚ್ಚೆ ಇದೆ ಅಂದರು, ಈಗೇನು ಮಾಡಲಿ?

ಪ್ರಶ್ನೆ: ನಾನು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 46. ಶುಗರ್ ಬಂದು ಆರು ವರ್ಷ ಆಯ್ತು. ಹೋದ ತಿಂಗಳು ಶುಗರ್ ಇರುವವರ ಕಣ್ಣು ನೋಡುವ ಕ್ಯಾಂಪ್‌ನಲ್ಲಿ ಫೋಟೋ ತೆಗೆದರು. ಶುಗರ್‌ನಿಂದ ಕಣ್ಣಿಗೆ ಏನೂ ಆಗಿಲ್ಲ, ಆದರೆ ಬಲಗಣ್ಣಿನ ಒಳಗೆ ಒಂದು ಮಚ್ಚೆ ಇದೆ ಅಂದರು. ರಿಪೋರ್ಟ್‌ನಲ್ಲಿ 'ಕೋರಾಯ್ಡಲ್ ನೀವಸ್, 1.5 ಡಿಡಿ, ಚಪ್ಪಟೆ, ಡ್ರೂಸೆನ್ ಇದೆ, ಓಸಿಟಿ ಮಾಡಿಸಿ' ಅಂತ ಬರೆದಿದ್ದಾರೆ. ನೆಟ್‌ನಲ್ಲಿ ಹುಡುಕಿದರೆ ಬರೀ ಕ್ಯಾನ್ಸರ್ ಅಂತ ಬರುತ್ತೆ. ಸರಿಯಾಗಿ ನಿದ್ದೆ ಇಲ್ಲ. ನಮ್ಮ ಅತ್ತೆ ನಂದಿಬಟ್ಟಲು ಹೂವಿನ ರಸ ಬಿಡು ಅಂತಾರೆ. ನಮ್ಮವರ ಸ್ನೇಹಿತರೊಬ್ಬರು ಲೇಸರ್ ಹೊಡೆಸಿ ತೆಗೆಸಿಬಿಡಿ ಅಂತಾರೆ. ಇದು ಕ್ಯಾನ್ಸರ್ ಆಗುತ್ತಾ? ಇಷ್ಟೆಲ್ಲ ಸ್ಕ್ಯಾನ್ ಬೇಕಾ? ಜಾಸ್ತಿ ಮೊಬೈಲ್ ನೋಡಿದ್ದಕ್ಕೆ ಬಂತಾ? ಮಗಳಿಗೂ ತೋರಿಸಬೇಕಾ?

ಉತ್ತರ: ಮೇಡಂ, ಮೊದಲು ನೆಮ್ಮದಿಯಾಗಿ ನಿದ್ದೆ ಮಾಡಿ. ನೀವು ಬರೆದಿರುವ ರಿಪೋರ್ಟ್ ನೋಡಿದರೆ ಇದು ಕ್ಯಾನ್ಸರ್ ಅಲ್ಲ, ಆ ಕಡೆ ತಿರುಗುತ್ತಿರುವ ಸೂಚನೆಯೂ ಅದರಲ್ಲಿ ಇಲ್ಲ. ಹಾಗಂತ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆತುಬಿಡಬೇಡಿ. ಮೈಸೂರಿನಲ್ಲಿ ರೆಟಿನಾ ನೋಡುವ ಡಾಕ್ಟರಾಗಿ ನಾನು ಕಂಡಿರುವುದು ಎರಡು ಥರದ ಜನ. ಒಬ್ಬರು ಮಚ್ಚೆ ಅಂದ ಕೂಡಲೇ ಊಟ ಬಿಡುತ್ತಾರೆ. ಇನ್ನೊಬ್ಬರು ನೋವಿಲ್ಲ, ಕಣ್ಣು ಚೆನ್ನಾಗೇ ಕಾಣ್ತಿದೆ ಅಂತ ವಾಪಸ್ ಬರುವುದೇ ಇಲ್ಲ. ನೀವು ಮಾಡಬೇಕಾದದ್ದು ಇವೆರಡರ ನಡುವಿನ ಕೆಲಸ. ಈಗ ಒಂದು ಸಲ ಸರಿಯಾಗಿ ಚಿತ್ರ ತೆಗೆಸಿಟ್ಟುಕೊಳ್ಳಬೇಕು, ಆಮೇಲೆ ಕಾಲಕಾಲಕ್ಕೆ ಹೋಲಿಸಿ ನೋಡಿಸಬೇಕು. ಅಷ್ಟೇ.

ಈ ಮಚ್ಚೆ ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪದರ ರೆಟಿನಾ. ಅದರ ಹಿಂದೆ ರಕ್ತನಾಳಗಳಿಂದ ತುಂಬಿದ ಇನ್ನೊಂದು ಪದರ ಇದೆ, ಅದೇ ಕೋರಾಯ್ಡ್. ಚರ್ಮಕ್ಕೆ ಬಣ್ಣ ಕೊಡುವಂಥದೇ ಜೀವಕೋಶಗಳು ಅಲ್ಲೂ ಇರುತ್ತವೆ. ಅವು ಒಂದು ಕಡೆ ಗುಂಪಾಗಿ ಸೇರಿಕೊಂಡರೆ ಕೋರಾಯ್ಡಲ್ ನೀವಸ್. ಬಿಳಿ ಚರ್ಮದವರಲ್ಲಿ ನೂರಕ್ಕೆ ಸುಮಾರು ಐದು ಜನರಿಗೆ ಇದು ಇರುತ್ತದೆ. ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ, ಆದರೂ ಅಪರೂಪವೇನಲ್ಲ. ಹೆಚ್ಚಿನವರಿಗೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ನಿಮ್ಮ ಹಾಗೆ ಶುಗರ್ ಚೆಕಪ್‌ಗೋ, ಕನ್ನಡಕಕ್ಕೋ ಹೋದಾಗ ಆಕಸ್ಮಿಕವಾಗಿ ಕಾಣುತ್ತದೆ.

ರಿಪೋರ್ಟ್‌ನಲ್ಲಿ ಡ್ರೂಸೆನ್ ಅನ್ನುವ ಪದ ನೋಡಿ ನೀವು ಇನ್ನೊಂದು ಕಾಯಿಲೆ ಅಂದುಕೊಂಡಿರಬಹುದು. ನಿಮ್ಮ ವಿಷಯದಲ್ಲಿ ಅದು ಒಳ್ಳೆ ಸುದ್ದಿ. ಮಚ್ಚೆಯ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆಗಳು ಕೂಡುವುದಕ್ಕೆ ಡ್ರೂಸೆನ್ ಅನ್ನುತ್ತೇವೆ. ಅವು ಮೂಡಲು ವರ್ಷಗಟ್ಟಲೆ ಬೇಕು. ಅಂದರೆ ನಿಮ್ಮ ಮಚ್ಚೆ ಬಹಳ ಕಾಲದಿಂದ ಅಲ್ಲೇ ಸುಮ್ಮನೆ ಇದೆ ಅನ್ನುವುದಕ್ಕೆ ಅದೊಂದು ಗುರುತು. ಹೋದ ತಿಂಗಳು ಕಂಡಿತು ಅಂತ ಹೋದ ತಿಂಗಳು ಹುಟ್ಟಿದ್ದು ಅಂದುಕೊಳ್ಳಬೇಡಿ.

ಇನ್ನು ಕ್ಯಾನ್ಸರ್ ಲೆಕ್ಕ. ಇಂಥ ಮಚ್ಚೆಗಳಲ್ಲಿ ಬಹಳ ಕೆಲವು ಮೆಲನೋಮಾ ಅನ್ನುವ ಕ್ಯಾನ್ಸರ್ ಆಗಿ ಬದಲಾಗುತ್ತವೆ. ಅಮೆರಿಕದ ಬಿಳಿಯರ ಅಂಕಿ ಅಂಶ ಇಟ್ಟುಕೊಂಡು 2005ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ವರ್ಷಕ್ಕೆ ಸುಮಾರು 8,800 ಮಚ್ಚೆಗಳಲ್ಲಿ ಒಂದು ಹಾಗೆ ತಿರುಗುತ್ತದೆ. ಕಣ್ಣೊಳಗಿನ ಮೆಲನೋಮಾ ಬಿಳಿಯರಲ್ಲೇ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಐದಾರು ಮಂದಿಗೆ ಬರುವ ಕಾಯಿಲೆ. ಏಷ್ಯಾ ಮೂಲದವರಲ್ಲಿ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. 2011ರ ಜನಗಣತಿಯಲ್ಲಿ ನಿಮ್ಮ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ ಇತ್ತು. ಈ ಲೆಕ್ಕ ಹಿಡಿದರೆ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರಬಹುದು, ಒಂದೊಂದು ವರ್ಷ ಯಾರಿಗೂ ಬರದೇ ಇರಬಹುದು.

ಮತ್ತೆ ಯಾಕೆ ಇಷ್ಟು ಎಚ್ಚರ ಅಂತ ಕೇಳಬಹುದು. ಬಂದರೆ ಇದು ಸಣ್ಣ ಕಾಯಿಲೆ ಅಲ್ಲ, ಅದಕ್ಕೇ. ಕಣ್ಣಿನಿಂದ ಲಿವರ್‌ಗೆ ಹರಡುವ ಗುಣ ಇದಕ್ಕಿದೆ. ಹೀಗೆ ಹರಡುವುದು ಗೆಡ್ಡೆ ದೊಡ್ಡದಾದಷ್ಟೂ ಜಾಸ್ತಿ. ಚರ್ಮದ ಮೇಲಿನ ಮಚ್ಚೆ ಬಗ್ಗೆ ಅನುಮಾನ ಬಂದರೆ ಕತ್ತರಿಸಿ ಲ್ಯಾಬ್‌ಗೆ ಕಳಿಸಬಹುದು. ಕಣ್ಣೊಳಗಿನದನ್ನು ಹಾಗೆ ಸುಲಭವಾಗಿ ಮುಟ್ಟಲು ಆಗುವುದಿಲ್ಲ, ಮುಟ್ಟಿದರೆ ದೃಷ್ಟಿಗೇ ಅಪಾಯ ಆಗಬಹುದು. ಹಾಗಾಗಿ ನಾವು ತೀರ್ಮಾನ ಮಾಡುವುದು ಹೆಚ್ಚಾಗಿ ಚಿತ್ರ ನೋಡಿ. ಫೋಟೋ, ಓಸಿಟಿ, ಆಟೋಫ್ಲೋರೆಸೆನ್ಸ್, ಬಿ-ಸ್ಕ್ಯಾನ್ ಅಂತ ಒಂದರ ಹಿಂದೆ ಒಂದು ಬರೆಯುವುದು ಅದಕ್ಕೇ, ಒಂದೊಂದೂ ಏನು ಅಂತ ಮುಂದೆ ಹೇಳುತ್ತೇನೆ. ಆದರೆ ಎಲ್ಲರಿಗೂ ಎಲ್ಲವೂ ಬೇಕಾಗಿಲ್ಲ.

ಮಚ್ಚೆಯನ್ನು ಅಳೆಯಲು ಈಗ ಒಂದು ಸರಳ ಅಂಕ ಪದ್ಧತಿ ಇದೆ, ಹೆಸರು ಮೋಲ್ಸ್. ಕಣ್ಣಿನ ಕ್ಯಾನ್ಸರ್ ತಜ್ಞ ಬರ್ಟಿಲ್ ಡಮಾಟೊ ಇಂಗ್ಲೆಂಡಿನಲ್ಲಿ ಇದನ್ನು ರೂಪಿಸಿದರು. ಕನ್ನಡಕದ ಅಂಗಡಿಯಲ್ಲಿ ಕಣ್ಣು ನೋಡುವ ಆಪ್ಟೋಮೆಟ್ರಿಸ್ಟ್ ಕೂಡ ಅಂಕ ಹಾಕಿ, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಯಾರನ್ನು ಕಳಿಸಬೇಕಾಗಿಲ್ಲ ಅಂತ ಹೇಳಲಿ ಅನ್ನುವುದು ಇದರ ಉದ್ದೇಶ. ನೋಡುವುದು ಐದು ವಿಷಯ: ಅಣಬೆಯ ಆಕಾರ ಬಂದಿದೆಯಾ, ಕಿತ್ತಳೆ ಬಣ್ಣ ಇದೆಯಾ, ಎಷ್ಟು ದೊಡ್ಡದು, ಬೆಳೆದಿದೆಯಾ, ರೆಟಿನಾ ಕೆಳಗೆ ನೀರು ತುಂಬಿದೆಯಾ. ಪ್ರತಿಯೊಂದಕ್ಕೂ ಇಲ್ಲ ಅಂದರೆ ಸೊನ್ನೆ, ಅನುಮಾನ ಇದ್ದರೆ ಅಥವಾ ಸ್ವಲ್ಪ ಇದ್ದರೆ ಒಂದು, ಖಚಿತವಾಗಿ ಇದ್ದರೆ ಎರಡು. ನೀವು ಟೀಚರ್, ಕೂಡುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಟ್ಟು ಸೊನ್ನೆ ಬಂದರೆ ಸಾಮಾನ್ಯ ಮಚ್ಚೆ. ಒಂದು ಬಂದರೆ ಅಪಾಯ ಕಡಿಮೆ. ಎರಡು ಬಂದರೆ ಅಪಾಯ ಜಾಸ್ತಿ ಇರುವ ಮಚ್ಚೆ, ಕಣ್ಣಿನ ಡಾಕ್ಟರ್ ನೋಡಲೇಬೇಕು. ಮೂರು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೆಲನೋಮಾ ಇರಬಹುದು ಅಂತಲೇ ತಿಳಿದು ತಡ ಮಾಡದೆ ಕಣ್ಣಿನ ಕ್ಯಾನ್ಸರ್ ತಜ್ಞರ ಹತ್ತಿರ ಹೋಗಬೇಕು.

ಗಾತ್ರದ ಅಂಕ ಹಾಕುವುದು ಹೀಗೆ. ಡಿಡಿ ಅಂದರೆ ಕಣ್ಣಿನ ನರ ಹೊರಡುವ ಬಿಲ್ಲೆಯ ಅಗಲ, ಸುಮಾರು 1.5 ಮಿಲಿಮೀಟರ್. ಮಚ್ಚೆ ಮೂರು ಡಿಡಿಗಿಂತ ಚಿಕ್ಕದಾಗಿದ್ದು ದಪ್ಪ ಒಂದು ಮಿಲಿಮೀಟರ್ ಒಳಗಿದ್ದರೆ ಸೊನ್ನೆ. ಅಗಲ ನಾಲ್ಕು ಡಿಡಿ ದಾಟಿದರೆ, ಅಥವಾ ದಪ್ಪ ಎರಡು ಮಿಲಿಮೀಟರ್ ದಾಟಿದರೆ, ಎರಡು. ನಡುವೆ ಇದ್ದರೆ ಒಂದು. ನಿಮ್ಮದು 1.5 ಡಿಡಿ, ಅಂದರೆ ಎರಡೂಕಾಲು ಮಿಲಿಮೀಟರ್ ಅಗಲ, ಚಪ್ಪಟೆ. ರಿಪೋರ್ಟ್‌ನಲ್ಲಿ ಕಿತ್ತಳೆ ಬಣ್ಣದ ಮಾತಿಲ್ಲ, ನೀರಿನ ಮಾತಿಲ್ಲ. ಹಳೇ ಫೋಟೋ ಇಲ್ಲದಿದ್ದರೆ ಬೆಳವಣಿಗೆಗೂ ಸೊನ್ನೆಯೇ ಹಾಕುತ್ತಾರೆ. ಹೀಗಾಗಿ ಇವತ್ತಿಗೆ ನಿಮ್ಮ ಅಂಕ ಸೊನ್ನೆ. ಓಸಿಟಿಯಲ್ಲಿ ನೀರಿಲ್ಲ ಅಂತ ಗೊತ್ತಾದರೆ ಆ ಸೊನ್ನೆ ಗಟ್ಟಿಯಾಗುತ್ತದೆ.

ಅಮೆರಿಕದ ಫಿಲಡೆಲ್ಫಿಯಾದ ವಿಲ್ಸ್ ಕಣ್ಣಾಸ್ಪತ್ರೆಯಲ್ಲಿ ಡಾ. ಕ್ಯಾರಲ್ ಶೀಲ್ಡ್ಸ್ ತಂಡದವರು 2,355 ಮಚ್ಚೆಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅವರು ಹಿಡಿದ ಅಪಾಯದ ಗುರುತುಗಳು ಆರು: ಎರಡು ಮಿಲಿಮೀಟರ್‌ಗಿಂತ ಜಾಸ್ತಿ ದಪ್ಪ, ನೀರು, ದೃಷ್ಟಿ ಕಮ್ಮಿಯಾಗಿರುವುದು, ಕಿತ್ತಳೆ ಬಣ್ಣ, ಅಲ್ಟ್ರಾಸೌಂಡ್‌ನಲ್ಲಿ ಒಳಗೆ ಟೊಳ್ಳು ಕಾಣುವುದು, ಐದು ಮಿಲಿಮೀಟರ್‌ಗಿಂತ ಜಾಸ್ತಿ ಅಗಲ. ಒಂದೂ ಇಲ್ಲದವರಲ್ಲಿ ಐದು ವರ್ಷದೊಳಗೆ ನೂರಕ್ಕೆ ಒಂದು ಮಚ್ಚೆ ಕ್ಯಾನ್ಸರ್ ಕಡೆ ತಿರುಗಿತು. ಒಂದು ಗುರುತಿದ್ದರೆ ನೂರಕ್ಕೆ 11, ಎರಡಿದ್ದರೆ 22, ಮೂರಿದ್ದರೆ 34. ಈ ನಂಬರ್ ನೋಡಿ ಹೆದರುವ ಮೊದಲು ಒಂದು ಮಾತು ತಿಳಿದುಕೊಳ್ಳಿ. ಅಂಥ ದೊಡ್ಡ ಕ್ಯಾನ್ಸರ್ ವಿಭಾಗಕ್ಕೆ ಬರುವುದೇ ಅನುಮಾನ ಬಂದ ಮಚ್ಚೆಗಳು, ಬರುವವರಲ್ಲಿ ಹೆಚ್ಚಿನವರು ಬಿಳಿಯರು. ಕ್ಯಾಂಪ್‌ನಲ್ಲಿ ಸಿಕ್ಕ ನಿಮ್ಮ ಮಚ್ಚೆಗೆ ಆ ಲೆಕ್ಕ ಹಾಗ್ಹಾಗೇ ಅನ್ವಯಿಸುವುದಿಲ್ಲ. ಒಂದೊಂದು ಗುರುತು ಸೇರಿದಂತೆ ಅಪಾಯ ಹೇಗೆ ಏರುತ್ತದೆ ಅನ್ನುವುದನ್ನು ಮಾತ್ರ ಅದರಿಂದ ತೆಗೆದುಕೊಳ್ಳಿ.

ಈಗ ಸ್ಕ್ಯಾನ್‌ಗಳ ವಿಷಯ. ನಿಮಗೆ ಖಂಡಿತ ಬೇಕಾದದ್ದು ಓಸಿಟಿ. ಗದ್ದ ಒಂದು ಕಡೆ ಇಟ್ಟು ಕೂತರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಕಣ್ಣಿಗೆ ಏನೂ ತಗಲುವುದಿಲ್ಲ, ಬೆಳಕಿನಿಂದಲೇ ತೆಗೆಯುವುದರಿಂದ ಎಕ್ಸ್‌ರೇ ಭಯವೂ ಇಲ್ಲ. ರೆಟಿನಾದ ಪದರಗಳು ಅಡ್ಡಲಾಗಿ ಕುಯ್ದು ನೋಡಿದಷ್ಟು ಸ್ಪಷ್ಟವಾಗಿ ಪರದೆ ಮೇಲೆ ಬರುತ್ತವೆ. ನಾನು ಮೊದಲು ನೋಡುವುದು ರೆಟಿನಾ ಮತ್ತು ಮಚ್ಚೆಯ ನಡುವಿನ ಜಾಗವನ್ನು. ಅಲ್ಲಿ ಕಪ್ಪಾಗಿ ಒಂದು ತೆಳು ಪಟ್ಟಿ ಕಂಡರೆ ಅದು ನೀರು. ಟಾರ್ಚ್ ಬಿಟ್ಟು ನೋಡಿದಾಗ ನಮ್ಮ ಕಣ್ಣಿಗೆ ಸಿಗದ ನೀರೂ ಓಸಿಟಿಯಲ್ಲಿ ಸಿಕ್ಕಿಬೀಳುತ್ತದೆ. ಆ ನೀರಿನ ಮೇಲಿರುವ ಬೆಳಕು ಹಿಡಿಯುವ ಕೋಶಗಳ ಅಂಚು ಎಳೆ ಎಳೆಯಾಗಿ, ಉದ್ದುದ್ದವಾಗಿ ಇಳಿಬಿದ್ದಿದ್ದರೆ ನೀರು ಹೊಸದು, ಮಚ್ಚೆ ಚುರುಕಾಗಿದೆ ಅಂತ ಅನುಮಾನ ಪಡಬೇಕು. ಅಂಚು ಸವೆದು ತೆಳ್ಳಗಾಗಿದ್ದರೆ, ಸುತ್ತ ಡ್ರೂಸೆನ್ ಇದ್ದರೆ, ಅದು ಹಳೇ ಕಥೆ. ಎರಡೂ ನೀರೇ, ಆದರೆ ನಮ್ಮ ಮುಂದಿನ ಹೆಜ್ಜೆ ಬೇರೆ ಬೇರೆ.

ಆಟೋಫ್ಲೋರೆಸೆನ್ಸ್ ಕೂಡ ಫೋಟೋನೇ, ಬಣ್ಣ ಹಾಕದೆ, ಇಂಜೆಕ್ಷನ್ ಕೊಡದೆ ತೆಗೆಯುವಂಥದ್ದು. ಕಿತ್ತಳೆ ಬಣ್ಣ ಅಂತ ಆಗಲೇ ಹೇಳಿದೆನಲ್ಲ, ಅದು ಲಿಪೊಫಸಿನ್ ಅನ್ನುವ ವಸ್ತು. ಮಚ್ಚೆಯ ಮೇಲೆ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಬರಿಗಣ್ಣಿಗೆ ಅದು ಕಿತ್ತಳೆಯೋ ಕಂದೋ ಅಂತ ಹೇಳುವುದು ಕಷ್ಟ, ನಮ್ಮ ಜನರ ಗಾಢ ಬಣ್ಣದ ಕಣ್ಣಲ್ಲಿ ಇನ್ನೂ ಕಷ್ಟ. ಆಟೋಫ್ಲೋರೆಸೆನ್ಸ್‌ನಲ್ಲಿ ಅದೇ ಲಿಪೊಫಸಿನ್ ಬೆಳ್ಳಗೆ ಹೊಳೆಯುತ್ತದೆ. ಓಸಿಟಿ ಮಾಡುವ ಜಾಗದಲ್ಲೇ ಇದೂ ಇದ್ದರೆ ಒಂದೇ ಸಲಕ್ಕೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮಂಥ ಸೊನ್ನೆ ಅಂಕದವರು ಇದಕ್ಕಾಗಿಯೇ ಊರೂರು ಅಲೆಯಬೇಕಾಗಿಲ್ಲ.

ಬಿ-ಸ್ಕ್ಯಾನ್ ಅಂದರೆ ಕಣ್ಣಿನ ಅಲ್ಟ್ರಾಸೌಂಡ್, ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಮಾಡುತ್ತಾರೆ. ದಪ್ಪ ಇರುವ ಮಚ್ಚೆಗೆ ಇದು ಬೇಕೇಬೇಕು. ಯಾಕೆಂದರೆ ಓಸಿಟಿಯ ಬೆಳಕು ಕಪ್ಪು ಮಚ್ಚೆಯ ತಳದವರೆಗೆ ಇಳಿಯುವುದಿಲ್ಲ. ಚಪ್ಪಟೆ ಮಚ್ಚೆಗೆ ಇದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಪ್ರೋಬ್ ಸ್ವಲ್ಪ ಓರೆಯಾಗಿ ಹಿಡಿದರೂ ಇರುವುದಕ್ಕಿಂತ ದಪ್ಪ ತೋರಿಸಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಇಡೀ ಕಣ್ಣಿನ ಒಳಭಾಗವನ್ನು ಒಂದೇ ಸಲಕ್ಕೆ ತೆಗೆಯುವ ವೈಡ್ ಫೀಲ್ಡ್ ಕ್ಯಾಮೆರಾ ಈಗ ಅನೇಕ ಕಡೆ ಬಂದಿದೆ. ಅಂಚಿನಲ್ಲಿರುವ ಮಚ್ಚೆ ಹುಡುಕಲು ಅದು ಬಹಳ ಒಳ್ಳೆಯದು. ಆದರೆ ಅದರಲ್ಲಿ ಕೆಲವು ಕ್ಯಾಮೆರಾಗಳು ಕೆಂಪು, ಹಸಿರು ಲೇಸರ್‌ಗಳನ್ನು ಸೇರಿಸಿ ಬಣ್ಣ ಕಟ್ಟುತ್ತವೆ. ಆ ಬಣ್ಣ ನಂಬಿ ಕಿತ್ತಳೆ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ. ಅಂಚಿಗೆ ಹೋದಷ್ಟೂ ಅಳತೆಯೂ ಹಿಗ್ಗುತ್ತದೆ. ಅದರಲ್ಲೊಂದು ಅನುಕೂಲವೂ ಇದೆ: ಕೋರಾಯ್ಡ್‌ನಲ್ಲಿರುವ ಮಚ್ಚೆ ಕೆಂಪು ಚಿತ್ರದಲ್ಲಿ ಎದ್ದು ಕಾಣುತ್ತದೆ, ಹಸಿರಿನಲ್ಲಿ ಹೆಚ್ಚೂಕಡಿಮೆ ಮಾಯವಾಗುತ್ತದೆ. ಎರಡರಲ್ಲೂ ಕಡುಕಪ್ಪಾಗಿ, ಅಂಚು ಸ್ಪಷ್ಟವಾಗಿ ಕಂಡರೆ ಹೆಚ್ಚಾಗಿ ಅದು ನೀವಸ್ಸೇ ಅಲ್ಲ, ರೆಟಿನಾದ ತಳದ ಬಣ್ಣದ ಪದರದಲ್ಲಿ ಹುಟ್ಟಿನಿಂದ ಬಂದ ಇನ್ನೊಂದು ಥರದ ಗುರುತು. ಅದರ ಚಿಂತೆ ಇನ್ನೂ ಕಡಿಮೆ.

ಇದೆಲ್ಲದಕ್ಕಿಂತ ನನಗೆ ಮುಖ್ಯ ಅನ್ನಿಸುವ ಮಾತು ಒಂದಿದೆ. ಮಚ್ಚೆ ಬೆಳೆದಿದೆಯಾ ಅಂತ ಹೇಳಲು ಯಾವ ದೊಡ್ಡ ಡಾಕ್ಟರ ನೆನಪೂ ಸಾಲದು, ಹಳೇ ಫೋಟೋ ಬೇಕು. ನಿಮಗೆ ಶುಗರ್ ಬಂದು ಆರು ವರ್ಷ ಆಗಿದೆ. ಇದಕ್ಕೆ ಮೊದಲು ಎಲ್ಲಾದರೂ ಕಣ್ಣಿನ ಫೋಟೋ ತೆಗೆಸಿದ್ದೀರಾ? ನೆನಪು ಮಾಡಿಕೊಳ್ಳಿ. ತೆಗೆಸಿದ್ದರೆ ಅಲ್ಲಿಗೆ ಹೋಗಿ ನಿಮ್ಮ ನಂಬರ್ ಹೇಳಿ, ಫೈಲ್ ಕೇಳಿ. ಹಳೇ ಫೋಟೋದಲ್ಲೂ ಇದೇ ಮಚ್ಚೆ ಇದೇ ಅಳತೆಯಲ್ಲಿ ಇದ್ದರೆ, ಅದಕ್ಕಿಂತ ದೊಡ್ಡ ಸಮಾಧಾನ ಯಾವ ಸ್ಕ್ಯಾನೂ ಕೊಡಲಾರದು. ಆಗಿನ ರಿಪೋರ್ಟ್‌ನಲ್ಲಿ ಮಚ್ಚೆ ಅಂತ ಬರೆದಿಲ್ಲ ಅಂದಮಾತ್ರಕ್ಕೆ ಆಗ ಇರಲಿಲ್ಲ ಅಂತ ಅಲ್ಲ. ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ಸಾಮಾನ್ಯ ಫಂಡಸ್ ಕ್ಯಾಮೆರಾ 45 ಡಿಗ್ರಿಯಷ್ಟು ಜಾಗ ಮಾತ್ರ ಹಿಡಿಯುತ್ತದೆ, ಅದರಾಚೆ ಇದ್ದಿರಬಹುದು. ಶುಗರ್ ಬದಲಾವಣೆ ಹುಡುಕಲೆಂದೇ ಮಾಡಿದ ಸಾಫ್ಟ್‌ವೇರ್ ಫೋಟೋ ನೋಡಿದ್ದರೆ ಮಚ್ಚೆಯ ಬಗ್ಗೆ ಏನೂ ಹೇಳದೆ ಬಿಟ್ಟಿರಲೂಬಹುದು. ಅದಕ್ಕೇ ರಿಪೋರ್ಟ್ ಸಾಲದು, ಚಿತ್ರವೇ ಬೇಕು.

ಎರಡು ಫೋಟೋ ಹೋಲಿಸುವುದು ಹೇಗೆ ಅಂತ ಹೇಳುತ್ತೇನೆ, ನೀವೂ ಪಕ್ಕದಲ್ಲಿ ಕೂತು ನೋಡಬಹುದು. ಬಣ್ಣ ನೋಡಬೇಡಿ, ಕ್ಯಾಮೆರಾ ಬದಲಾದರೆ ಬಣ್ಣವೂ ಬದಲಾಗುತ್ತದೆ, ಪೊರೆ ಆಪರೇಷನ್ ಆದಮೇಲೂ ಬದಲಾಗುತ್ತದೆ. ಮಚ್ಚೆಯ ಮೇಲೆ ಹಾದುಹೋಗುವ ರಕ್ತನಾಳಗಳನ್ನು ನೋಡಿ. ನಾಳ ಎಲ್ಲೋ ಒಂದು ಕಡೆ ಎರಡಾಗಿ ಕವಲೊಡೆದಿರುತ್ತದೆ. ಹಳೇ ಫೋಟೋದಲ್ಲಿ ಆ ಕವಲು ಮಚ್ಚೆಯ ಅಂಚಿನಿಂದ ಹೊರಗಿದ್ದು, ಹೊಸದರಲ್ಲಿ ಮಚ್ಚೆಯ ಒಳಗೆ ಸೇರಿಕೊಂಡಿದ್ದರೆ ಅಂಚು ಮುಂದೆ ಬಂದಿದೆ ಅಂತ ಅರ್ಥ. ನಾಳಗಳು ಜಾಗ ಬಿಟ್ಟು ಹೋಗುವುದಿಲ್ಲ, ಅವೇ ನಮ್ಮ ಗಡಿಕಲ್ಲು. ಬೆಳೆದದ್ದು ಕಂಡರೂ ಎಲ್ಲ ಬೆಳವಣಿಗೆಯೂ ಕ್ಯಾನ್ಸರ್ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ವರ್ಷಗಳ ಮೇಲೆ ಕೂದಲೆಳೆಯಷ್ಟು ಹಿಗ್ಗುವ ಮಚ್ಚೆಗಳಿವೆ. ತಿಂಗಳುಗಳಲ್ಲಿ ಹಿಗ್ಗಿದರೆ ಮಾತ್ರ ಅದು ಬೇರೆ ಮಾತು.

ಆದ್ದರಿಂದ ಈ ಸಲ ಓಸಿಟಿಗೆ ಹೋದಾಗ ಫೋಟೋದ ಮೂಲ ಫೈಲನ್ನೇ ಇಸಿದುಕೊಳ್ಳಿ. ಪೆನ್‌ಡ್ರೈವ್ ಕೊಡಿ, ಇಲ್ಲಾಂದರೆ ಇಮೇಲ್ ಮಾಡಿಸಿಕೊಳ್ಳಿ. ಕಂಪ್ಯೂಟರ್ ಪರದೆಯನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ವಾಟ್ಸ್ಆಪ್ ಮಾಡಿದರೆ ಆಮೇಲೆ ಅದರಿಂದ ಅಳತೆಗೂ ಉಪಯೋಗ ಇಲ್ಲ, ಬಣ್ಣಕ್ಕೂ ಉಪಯೋಗ ಇಲ್ಲ. ಓಸಿಟಿ ಆದರೆ ಸ್ಕ್ಯಾನ್ ಮಾಡಿದ ಗೆರೆ ಮಚ್ಚೆಯ ಮೇಲೆ ಎಲ್ಲಿ ಹಾದುಹೋಗಿದೆ ಅಂತ ತೋರಿಸುವ ಪುಟವೂ ಸೇರಿರಲಿ, ಮುಂದಿನ ಸಲ ಅದೇ ಜಾಗದಲ್ಲಿ ತೆಗೆಯಬೇಕು. ಫೈಲ್ ಹೆಸರಲ್ಲಿ ತಾರೀಖು, ಬಲಗಣ್ಣು ಅಂತ ಬರೆದಿಡಿ. ಇದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಎಲ್ಲಿಗೆ ಹೋಗಬೇಕು ಅಂದರೆ, ಸದ್ಯಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಓಸಿಟಿ ಈಗ ಮೈಸೂರಿನ ಅನೇಕ ಕಣ್ಣಾಸ್ಪತ್ರೆಗಳಲ್ಲಿ ಇದೆ, ರೆಟಿನಾ ಡಾಕ್ಟರ್ ಇರುವ ಕಡೆ ಹೋಗಿ. ಪಾಪೆ ಅಗಲವಾಗಲು ಡ್ರಾಪ್ಸ್ ಹಾಕುತ್ತಾರೆ, ಕೆಲವು ಗಂಟೆ ಮಂಜಾಗಿರುತ್ತದೆ, ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಸ್ಕೂಟರ್‌ನಲ್ಲಿ ಬರಬೇಡಿ, ಬಸ್ಸಿಗೋ ಟ್ರೈನಿಗೋ ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ. ಓಸಿಟಿ ಚೆನ್ನಾಗಿ ಬಂದರೆ ಮುಂದಿನ ಹೋಲಿಕೆ ಒಂದು ವರ್ಷಕ್ಕೆ. ಮೋಲ್ಸ್ ಪ್ರಕಾರ ಸೊನ್ನೆ ಇರುವವರಿಗೆ ಎರಡು ವರ್ಷಕ್ಕೊಮ್ಮೆ ಸಾಕು. ಆದರೆ ಶುಗರ್‌ಗಾಗಿ ನೀವು ಹೇಗೂ ಪ್ರತಿ ವರ್ಷ ಕಣ್ಣು ತೋರಿಸಲೇಬೇಕು ಅಲ್ವಾ, ಅದರ ಜೊತೆಗೇ ಆಗಿಹೋಗಲಿ. ನಡುವೆ ಆ ಕಣ್ಣಲ್ಲಿ ಮಿಂಚು ಹೊಡೆದ ಹಾಗಾದರೆ, ಬೋರ್ಡ್ ಮೇಲೆ ಬರೆದ ನೇರ ಗೆರೆ ಡೊಂಕಾಗಿ ಕಂಡರೆ, ಒಂದು ಕಡೆ ನೆರಳು ಬಿದ್ದ ಹಾಗಾದರೆ, ವರ್ಷ ಆಗಲಿ ಅಂತ ಕಾಯದೆ ಆ ವಾರವೇ ತೋರಿಸಿ. ಶುಗರ್‌ನಿಂದಲೂ ಹೀಗೆ ಆಗಬಹುದು, ಯಾವುದೇ ಆದರೂ ನೋಡಲೇಬೇಕಾದದ್ದು.

ಒಂದು ವೇಳೆ ಅಂಕ ಮೂರು ಬಂದರೂ ಕಣ್ಣು ಹೋಯಿತು ಅಂತ ಅಲ್ಲ. ಕಣ್ಣಿನ ಗೋಡೆಯ ಹೊರಗೆ ವಿಕಿರಣ ಸೂಸುವ ಸಣ್ಣ ಬಿಲ್ಲೆಯೊಂದನ್ನು ಕೆಲವು ದಿನ ಹೊಲಿದಿಟ್ಟು ತೆಗೆಯುವ ಚಿಕಿತ್ಸೆ ಇದೆ. ಅದಕ್ಕೆ ಬೇಕಾದ ರುಥೇನಿಯಂ-106 ಬಿಲ್ಲೆಯನ್ನು ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೇ ತಯಾರಿಸಿದೆ. ಮಧ್ಯಮ ಗಾತ್ರದ ಗೆಡ್ಡೆಗಳಲ್ಲಿ ಕಣ್ಣು ತೆಗೆದವರಿಗೂ, ಬಿಲ್ಲೆ ಇಟ್ಟು ಕಣ್ಣು ಉಳಿಸಿದವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಇಲ್ಲ ಅಂತ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಮತ್ತೆ ನಮ್ಮ ದೇಶದಲ್ಲಿ ಕಣ್ಣೊಳಗಿನ ಗಂಟು ಎಲ್ಲವೂ ಮೆಲನೋಮಾ ಅಲ್ಲ. ಕ್ಷಯದ ಗಂಟು ಕೂಡ ಅದೇ ವೇಷದಲ್ಲಿ ಬರುತ್ತದೆ, ಅದು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಅದಕ್ಕೇ ಅನುಮಾನ ಬಂದಾಗ ಅಭ್ಯಾಸ ಇರುವ ತಜ್ಞರೇ ನೋಡಬೇಕು.

ಲೇಸರ್ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ, ಬೇಡ. ಸುಮ್ಮನಿರುವ ಮಚ್ಚೆಗೆ ಲೇಸರ್ ಹೊಡೆದರೆ ಅದರ ಮೇಲಿನ ರೆಟಿನಾ ಸುಡುತ್ತದೆ, ಆ ಜಾಗದ ದೃಷ್ಟಿ ಹೋಗುತ್ತದೆ. ಮೇಲೆ ಕಲೆ ಕಟ್ಟಿದರೆ ಮುಂದೆ ಹೋಲಿಸಿ ನೋಡುವುದೂ ಕಷ್ಟವಾಗುತ್ತದೆ. ಶುಗರ್‌ನಿಂದ ರೆಟಿನಾ ಕೆಟ್ಟಾಗ ಹೊಡೆಯುವ ಲೇಸರ್ ಬೇರೆ, ಅದರ ಜೊತೆ ಇದನ್ನು ಸೇರಿಸಬೇಡಿ. ನಂದಿಬಟ್ಟಲು ರಸವೂ ಬೇಡ. ಅತ್ತೆಯವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಕಣ್ಣಿನ ಮುಂದೆ ಬಿಟ್ಟ ರಸ ಕೋರಾಯ್ಡ್‌ವರೆಗೆ ಹೋಗಿ ಮಚ್ಚೆ ಕರಗಿಸುವುದಿಲ್ಲ. ಹೂವಿನ ಜೊತೆ ಹೋಗುವ ಕೊಳೆಯಿಂದ ಕರಿಗುಡ್ಡೆಗೆ ಸೋಂಕು ತಗುಲಿ ಹುಣ್ಣಾದರೆ, ಶುಗರ್ ಇರುವ ನಿಮಗೆ ಅದು ಮಾಯುವುದೂ ನಿಧಾನ. ಅವರಿಗೆ ಬೇಜಾರಾಗದ ಹಾಗೆ, ಡಾಕ್ಟರ್ ಏನೂ ಹಾಕಬಾರದು ಅಂದಿದ್ದಾರೆ ಅಂತ ಹೇಳಿ.

ಮೊಬೈಲ್‌ನಿಂದ ಇದು ಬಂದಿಲ್ಲ, ಶುಗರ್‌ನಿಂದಲೂ ಅಲ್ಲ, ನೀವು ತಿಂದದ್ದರಿಂದಲೂ ಅಲ್ಲ. ಮಗಳಿಗೆ ಇದೊಂದಕ್ಕಾಗಿ ಕಣ್ಣು ತೋರಿಸುವ ಅಗತ್ಯ ಇಲ್ಲ. ಕನ್ನಡಕಕ್ಕೋ ಬೇರೆ ಯಾವುದಕ್ಕೋ ಹೋದಾಗ ಒಂದು ಸಲ ಡ್ರಾಪ್ಸ್ ಹಾಕಿಸಿ ಒಳಗೆ ನೋಡಿಸಿ, ಸಾಕು. ಕಣ್ಣಿನ ಸುತ್ತ, ಹಣೆ, ಕೆನ್ನೆಯ ಒಂದೇ ಪಕ್ಕದಲ್ಲಿ ಹುಟ್ಟಿನಿಂದಲೋ ಹದಿಹರೆಯದಿಂದಲೋ ನೀಲಿ-ಬೂದು ಕಲೆ ಇರುವವರು ಮನೆಯಲ್ಲಿ ಯಾರಾದರೂ ಇದ್ದರೆ, ಬಿಳಿಗುಡ್ಡೆ ಮೇಲೂ ಆ ನೀಲಿ ಬಂದಿದ್ದರೆ, ಅವರು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಕಣ್ಣೊಳಗೆ ನೋಡಿಸಬೇಕು. ಅದು ನೀವಸ್ ಆಫ್ ಓಟಾ, ಅಂಥವರಲ್ಲಿ ಕಣ್ಣೊಳಗಿನ ಮೆಲನೋಮಾ ಅಪಾಯ ಬೇರೆಯವರಿಗಿಂತ ಜಾಸ್ತಿ.